ಹರಳಿನ ಹಿಂದಿನ ಪುಡಿ

ಗೋಡೆ ಕೊರೆಯಲು ಬರುವ ಎಲೆಕ್ಟ್ರಿಷಿಯನ್ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳುವುದು ‘ವಿಡಿಯಾ ಬಿಟ್’. ಲೇತ್ ಮುಂದೆ ನಿಂತವರಿಗೂ ಟೂಲಿನ ತುದಿಗೆ ಬೆಸೆದ ಬೂದುಬಣ್ಣದ ಆ ತುಣುಕು ವಿಡಿಯಾವೇ. ಜರ್ಮನಿಯ ಕ್ರುಪ್ ಕಂಪನಿ 1926ರಲ್ಲಿ ಇಟ್ಟ ವ್ಯಾಪಾರದ ಹೆಸರು ಅದು. ‘ವಜ್ರದಂತೆ’ ಎಂಬ ಅರ್ಥದ ಎರಡು ಜರ್ಮನ್ ಪದಗಳನ್ನು ಕತ್ತರಿಸಿ ಜೋಡಿಸಿದ್ದು ನಮ್ಮ ಅಂಗಡಿಬೀದಿಗೆ ಬರುವ ಹೊತ್ತಿಗೆ ಹೆಸರಾಗಿ ಉಳಿಯದೆ ಪದಾರ್ಥವೇ ಆಗಿಬಿಟ್ಟಿತು. ಪುಸ್ತಕದ ಹೆಸರು ಟಂಗ್‌ಸ್ಟನ್ ಕಾರ್ಬೈಡ್. ಕಾರ್ಬೈಡ್ ಎಂದ ಕೂಡಲೇ ಮಾವಿನಕಾಯಿ ಹಣ್ಣು ಮಾಡುವ ಕಳ್ಳದಾರಿಯ ಕಾರ್ಬೈಡ್ ನೆನಪಾಗುತ್ತದೆ. ಅದು ಕ್ಯಾಲ್ಸಿಯಂನದು, ಇದು ಬೇರೆ. ಇದರ ಚರಿತ್ರೆ ಹೇಳುವವರೆಲ್ಲ ಸಾಮಾನ್ಯವಾಗಿ ಒಂದು ಪೇಟೆಂಟಿನಿಂದ ಶುರುಮಾಡುತ್ತಾರೆ. 1923ರಲ್ಲಿ ಬರ್ಲಿನ್ನಿನ ಕಾರ್ಲ್ ಶ್ರೋಟರ್ ಕಾರ್ಬೈಡಿನ ಪುಡಿಗೆ ಕೋಬಾಲ್ಟ್ ಬೆರೆಸಿ, ಒತ್ತಿ, ಕಾಯಿಸಿದ. ಅಲ್ಲಿಂದ ಮುಂದೆ ಕುಲುಮೆಗಳು ಉತ್ತಮವಾದವು, ಯಂತ್ರಗಳು ವೇಗವಾದವು ಎಂಬ ಮುನ್ನಡೆಯ ಕಥೆ. ನನಗೆ ಕಾಣುವ ಚರಿತ್ರೆ ಇದಕ್ಕೆ ತಿರುಗುಮುರುಗು. ಕೊನೆಯ ಕುಲುಮೆಯಲ್ಲಿ ಕಾಣಿಸಿಕೊಂಡ ಪ್ರತಿ ದೋಷದ ಮೂಲ ಹುಡುಕುತ್ತ ಈ ಉದ್ಯಮ ನೂರು ವರ್ಷಗಳಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದಿದೆ: ಕಾರ್ಬೈಡಿನಿಂದ ಲೋಹದ ಪುಡಿಗೆ, ಲೋಹದ ಪುಡಿಯಿಂದ ಆಕ್ಸೈಡಿಗೆ, ಆಕ್ಸೈಡಿನಿಂದ ಅದು ಹುಟ್ಟಿದ ಉಪ್ಪಿಗೆ. ಸಣ್ಣ ಹರಳಿನ ಕಾರ್ಬೈಡನ್ನು ಯಾರೂ ಕೊನೆಯಲ್ಲಿ ‘ಮಾಡುವುದಿಲ್ಲ’. ಅದರ ಸಣ್ಣತನ ಕಚ್ಚಾ ವಸ್ತುವಿನಿಂದಲೇ ಬಂದಿರಬೇಕು. ನಡುವಿನವರು ಅದನ್ನು ಕಾಪಾಡಬಹುದು, ಇಲ್ಲವೇ ಕೆಡಿಸಬಹುದು, ಅಷ್ಟೆ.

ಸಣ್ಣ ಹರಳು ಎಂದರೆ ಎಷ್ಟು ಸಣ್ಣ, ಮತ್ತು ಅದರಿಂದೇನು? ವಿಡಿಯಾ ಎನ್ನುವುದು ಒಂದೇ ವಸ್ತುವಲ್ಲ. ಗಟ್ಟಿಯಾದ ಕಾರ್ಬೈಡಿನ ಹರಳುಗಳನ್ನು ಮೆದುವಾದ ಕೋಬಾಲ್ಟ್ ಅಂಟಿನಂತೆ ಹಿಡಿದಿಟ್ಟಿರುತ್ತದೆ. ಕಲ್ಲಿಗೆ ಗಾರೆ ಇದ್ದ ಹಾಗೆ. ಕೋಬಾಲ್ಟಿನ ಪ್ರಮಾಣ ಅಷ್ಟೇ ಇಟ್ಟು ಹರಳುಗಳನ್ನು ಸಣ್ಣದು ಮಾಡಿದರೆ ಅವುಗಳ ನಡುವಿನ ಗಾರೆಯ ಪದರ ತೆಳ್ಳಗಾಗಿ ಒಟ್ಟು ಗಟ್ಟಿತನ ಏರುತ್ತದೆ. ಅಡುಗೆಮನೆಯಲ್ಲಿ ಬನ್ಸಿ ರವೆ, ಮೀಡಿಯಂ ರವೆ, ಚಿರೋಟಿ ರವೆ ಬೇರೆ ಬೇರೆ ಡಬ್ಬಿಯಲ್ಲಿರುವಂತೆ ಈ ಉದ್ಯಮದಲ್ಲೂ ವಿಂಗಡಣೆಯಿದೆ. 2.5 ಮೈಕ್ರಾನಿಗಿಂತ ದಪ್ಪದ್ದು ಒರಟು, 0.8ರಿಂದ 1.3ರವರೆಗಿನದು ಸಣ್ಣದು, 0.5ಕ್ಕಿಂತ ಕೆಳಗಿನದು ಅತಿ ಸಣ್ಣದು, 0.2ಕ್ಕಿಂತಲೂ ಕೆಳಗಿಳಿದರೆ ನ್ಯಾನೋ. ಒಂದು ತಲೆಗೂದಲಿನ ಅಡ್ಡಗಲದಲ್ಲಿ ಅರ್ಧ ಮೈಕ್ರಾನಿನ ನೂರಕ್ಕೂ ಹೆಚ್ಚು ಹರಳುಗಳು ಸಾಲಾಗಿ ಕೂರುತ್ತವೆ. ಬಂಡೆ ಕೊರೆಯುವ ಬಿಟ್ಟಿಗೆ ಒರಟು ಹರಳೇ ಬೇಕು, ಏಕೆಂದರೆ ಅದು ಹೊಡೆತ ತಾಳುತ್ತದೆ. ಮೊಬೈಲ್ ಫೋನಿನ ಸರ್ಕ್ಯೂಟ್ ಬೋರ್ಡಿಗೆ ತೂತು ಹಾಕುವ 0.1 ಮಿಲಿಮೀಟರ್ ಡ್ರಿಲ್ಲಿನ ಲೆಕ್ಕ ಬೇರೆ. ಆ ಡ್ರಿಲ್ಲಿನ ಇಡೀ ದಪ್ಪ ನೂರು ಮೈಕ್ರಾನ್. ಅದರೊಳಗೆ ಎಲ್ಲೋ ಒಂದು ಕಡೆ ಹತ್ತು ಮೈಕ್ರಾನಿನ ಒಂದೇ ಒಂದು ದಪ್ಪ ಹರಳು ಸೇರಿಕೊಂಡಿದ್ದರೆ ಸಾಕು, ಅಲ್ಲಿಂದಲೇ ಮುರಿಯುತ್ತದೆ. ಆದ್ದರಿಂದ ಇಲ್ಲಿ ಸರಾಸರಿ ಅಳತೆಗಿಂತ ಹೆಚ್ಚು ಕಾಡುವುದು ಗುಂಪಿನಲ್ಲಿ ಗೋವಿಂದ ಎನ್ನದ ಆ ಒಂಟಿ ಹರಳು. ಅದು ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಈ ಉದ್ಯಮವನ್ನು ಹಿಂದಕ್ಕೆ ನಡೆಸಿದ್ದು.

ಹಿಂದಕ್ಕೆ ಹೋದರೆ ಸಿಗುವ ಮೊದಲ ಊರು ಜರ್ಮನಿ ಮತ್ತು ಬೊಹೀಮಿಯಾದ ಗಡಿಯ ಅದಿರುಬೆಟ್ಟಗಳು. ಅಲ್ಲಿ ತವರ ಕರಗಿಸುವವರಿಗೆ ಒಂದು ಕಪ್ಪು ಕಲ್ಲು ತಲೆನೋವಾಗಿತ್ತು. ಅದು ಸೇರಿದರೆ ತವರದ ಇಳುವರಿ ಇಳಿಯುತ್ತಿತ್ತು. ತೋಳ ಕುರಿಯನ್ನು ತಿನ್ನುವಂತೆ ತವರವನ್ನು ತಿನ್ನುತ್ತದೆಂದು ಅದಕ್ಕೆ ತೋಳದ ಹೆಸರಿಟ್ಟರು: ವೊಲ್ಫ್ರಾಮ್. ಅದೇ ಬೆಟ್ಟಗಳಲ್ಲಿ ಬೆಳ್ಳಿಯ ಅದಿರಿನಂತೆ ಕಂಡು ಕೈಕೊಡುತ್ತಿದ್ದ ಇನ್ನೊಂದು ಕಲ್ಲಿಗೆ ಗಣಿಯ ಕುಳ್ಳ ಭೂತದ ಹೆಸರು ಬಂತು: ಕೋಬಾಲ್ಟ್. ತೋಳವನ್ನೂ ಭೂತವನ್ನೂ ಒಂದೇ ಮೂಸೆಗೆ ಹಾಕಿದ ಪದಾರ್ಥವೇ ವಿಡಿಯಾ. ಸ್ವೀಡನ್ನಿನ ಶೀಲೆ 1781ರಲ್ಲಿ ‘ಭಾರದ ಕಲ್ಲು’ ಎಂದು ಕರೆಯುತ್ತಿದ್ದ ಖನಿಜದಿಂದ ಹೊಸದೊಂದು ಆಮ್ಲ ಬೇರ್ಪಡಿಸಿದ. ಸ್ಪೇನಿನ ಎಲುಯಾರ್ ಸೋದರರು 1783ರಲ್ಲಿ ಇದ್ದಿಲ ಜೊತೆ ಕಾಯಿಸಿ ಲೋಹವನ್ನೇ ತೆಗೆದರು. ಆದರೆ ಆ ಲೋಹ ಕರಗುವುದು 3,400 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ. ಕರಗಿಸಿ ಅಚ್ಚಿಗೆ ಹೊಯ್ಯಲು ಯಾವ ಮೂಸೆಯೂ ತಡೆಯುತ್ತಿರಲಿಲ್ಲ. ಹೀಗಾಗಿ ಟಂಗ್‌ಸ್ಟನ್ ಹುಟ್ಟಿನಿಂದಲೇ ಪುಡಿಯ ಲೋಹ. ಪುಡಿ ಹೇಗಿದೆಯೋ ವಸ್ತು ಹಾಗೆ.

ಇದು ಮೊದಲು ಅರಿವಿಗೆ ಬಂದದ್ದು ಕಾರ್ಬೈಡಿನಲ್ಲಲ್ಲ, ಬಲ್ಬಿನಲ್ಲಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ವಿಲಿಯಂ ಕೂಲಿಜ್ ಟಂಗ್‌ಸ್ಟನ್ನನ್ನು ತಂತಿಯಾಗಿ ಎಳೆಯುವ ದಾರಿಯನ್ನು 1910ರ ಹೊತ್ತಿಗೆ ಕಂಡುಕೊಂಡ ಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು. ಬ್ಯಾಟರ್ಸೀ ಎಂಬ ಲಂಡನ್ ಮಾದರಿಯ ಮಣ್ಣಿನ ಮೂಸೆಗಳಲ್ಲಿ ಕಾಯಿಸಿದ ಆಕ್ಸೈಡಿನಿಂದ ಬಂದ ತಂತು, ಬೆಂಕಿಯಂತೆ ಉರಿಯುವಾಗಲೂ ಜೋತುಬೀಳುತ್ತಿರಲಿಲ್ಲ. ಶುದ್ಧವಾದ ಪಾತ್ರೆಯಲ್ಲಿ ಕಾಯಿಸಿದ್ದು ಜೋತುಬೀಳುತ್ತಿತ್ತು. ಮೂಸೆಯ ಮಣ್ಣಿನಿಂದ ಪೊಟ್ಯಾಸಿಯಂ, ಸಿಲಿಕಾ, ಅಲ್ಯೂಮಿನಾ ಚೂರುಚೂರು ಆಕ್ಸೈಡಿಗೆ ಇಳಿಯುತ್ತಿದ್ದವು. ಅಲಾಡಾರ್ ಪಾಚ್ ಅದನ್ನೇ ಬೇಕೆಂದೇ ಬೆರೆಸಿ 1917ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಈ ಬೆರಕೆಯಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದುದು ಪೊಟ್ಯಾಸಿಯಂನ ಗುಳ್ಳೆಗಳು ಎಂದು ಖಚಿತವಾಗಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಆಕ್ಸೈಡ್ ಕಾಯಿಸಿದ ಪಾತ್ರೆಯ ಗುಣ, ಲೋಹವಾಗಿ, ಸರಳಾಗಿ, ತಂತಿಯಾಗಿ ಎಳೆದ ಮೇಲೂ ಅಳಿಯಲಿಲ್ಲ ಎಂಬುದು ಇಲ್ಲಿ ಮುಖ್ಯ. ವಿಡಿಯಾದ ಪೂರ್ವಕಥೆಯಲ್ಲಿ ನನಗೆ ಇದಕ್ಕಿಂತ ಬಲವಾದ ಸಾಕ್ಷಿ ಕಾಣುವುದಿಲ್ಲ.

ವಿಡಿಯಾ ಹುಟ್ಟಿದ್ದೂ ಬಲ್ಬಿನ ಮನೆಯಲ್ಲೇ. ಟಂಗ್‌ಸ್ಟನ್ ತಂತಿಯನ್ನು ಕೂದಲಿಗಿಂತ ತೆಳ್ಳಗೆ ಎಳೆಯಲು ಅಕ್ಕಸಾಲಿಗರ ಕಂಬಚ್ಚಿನಂಥ ಅಚ್ಚು ಬೇಕು, ಆ ಅಚ್ಚು ವಜ್ರದ್ದೇ ಆಗಬೇಕಿತ್ತು. ಮೊದಲ ಮಹಾಯುದ್ಧದ ಕಾಲದ ಜರ್ಮನಿಗೆ ವಜ್ರ ದುರ್ಲಭ. ವಜ್ರಕ್ಕೆ ಬದಲಿ ಹುಡುಕಿದ, ಬಲ್ಬು ಮಾಡುವ ಒಸ್ರಾಮ್ ಕಂಪನಿಯ ಸಂಶೋಧನಾ ವಿಭಾಗದಲ್ಲಿದ್ದವನು ಶ್ರೋಟರ್. ಕಾರ್ಬೈಡ್ ಹೊಸದೇನಾಗಿರಲಿಲ್ಲ. ಪ್ಯಾರಿಸ್ಸಿನ ಆಂರಿ ಮೊವಾಸಾನ್ 1890ರ ದಶಕದಲ್ಲೇ ವಿದ್ಯುತ್ ಕುಲುಮೆಯಲ್ಲಿ ಟಂಗ್‌ಸ್ಟನ್ನಿಗೆ ಇಂಗಾಲ ಕೂಡಿಸಿದ್ದ. ಗಟ್ಟಿಯಿತ್ತು, ಆದರೆ ತಟ್ಟಿದರೆ ಚೂರಾಗುತ್ತಿತ್ತು. ಕರಗಿಸಿ ತಣಿಸಿದ್ದರಿಂದ ಹರಳುಗಳು ದಪ್ಪವಾಗಿದ್ದವು, ಹಿಡಿದಿಡುವ ಅಂಟೂ ಇರಲಿಲ್ಲ. ಕೋಬಾಲ್ಟಿನ ಅಂಟು ಶ್ರೋಟರನ ಕೊಡುಗೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕೋಬಾಲ್ಟ್ ಯಾವ ಉಕ್ಕಿನ ಕಾರ್ಖಾನೆಯಲ್ಲೂ ಸಿಗುತ್ತಿತ್ತಲ್ಲ? ಉಕ್ಕಿನ ಕಾರ್ಖಾನೆಯಲ್ಲಿ ಸಿಗದೆ ಬಲ್ಬಿನ ಕಾರ್ಖಾನೆಯಲ್ಲಿ ಮಾತ್ರ ಸಿಗುತ್ತಿದ್ದದ್ದು ಹೈಡ್ರೋಜನ್ನಿನಲ್ಲಿ ಇಳಿಸಿದ (ಅಂದರೆ ಆಮ್ಲಜನಕ ಕಳೆದ), ಕೆಲವೇ ಮೈಕ್ರಾನಿನ, ಶುದ್ಧ ಟಂಗ್‌ಸ್ಟನ್ ಪುಡಿ. ಉಕ್ಕಿಗೆ ಬೆರೆಸಲು ಒರಟು ಟಂಗ್‌ಸ್ಟನ್ ಸಾಕಾಗಿತ್ತು. ಹೀಗಾಗಿ ವಜ್ರದಂಥ ಲೋಹ ಕತ್ತಿ-ಉಳಿಗಳ ಮನೆಯಲ್ಲಿ ಹುಟ್ಟದೆ ದೀಪದ ಮನೆಯಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲ. ಒಸ್ರಾಮ್ 1925ರ ಕೊನೆಯಲ್ಲಿ ಹಕ್ಕನ್ನು ಕ್ರುಪ್‌ಗೆ ಮಾರಿತು, 1927ರ ಲೈಪ್ಜಿಗ್ ಮೇಳದಲ್ಲಿ ಜಗತ್ತು ನೋಡಿತು. ಅಮೆರಿಕದಲ್ಲಿ ಕ್ರುಪ್ ಮತ್ತು ಜನರಲ್ ಎಲೆಕ್ಟ್ರಿಕ್ 1928ರಲ್ಲಿ ಒಪ್ಪಂದ ಮಾಡಿಕೊಂಡ ಮೇಲೆ ಪೌಂಡಿಗೆ 450 ಡಾಲರಿನ ಆಸುಪಾಸು ಬೆಲೆ ನಿಂತಿತು. ಅಷ್ಟೇ ತೂಕದ ಚಿನ್ನಕ್ಕೆ ಆಗ ಸುಮಾರು 300 ಡಾಲರ್.

ಈಗ ಆಕ್ಸೈಡ್ ಲೋಹವಾಗುವ ಜಾಗವನ್ನು ಹತ್ತಿರದಿಂದ ನೋಡಬೇಕು. ಉದ್ದನೆಯ ಕೊಳವೆಯಂಥ ಕುಲುಮೆ. ಅದರೊಳಗೆ ‘ದೋಣಿ’ ಎಂದೇ ಕರೆಯುವ ತಗ್ಗು ಲೋಹದ ತಟ್ಟೆಗಳು ಒಂದರ ಹಿಂದೊಂದು ತಳ್ಳಿಸಿಕೊಂಡು ಸಾಗುತ್ತವೆ. ಎದುರಿನಿಂದ ಹೈಡ್ರೋಜನ್ ಬೀಸುತ್ತದೆ. ದೋಣಿಯಲ್ಲಿರುವ ಪುಡಿ ಅರಿಸಿನದಂತೆ ಹಳದಿ. ಕಾವು ಏರಿದಂತೆ ಅದು ನೀಲಿಯಾಗುತ್ತದೆ, ನೇರಳೆಯಾಗುತ್ತದೆ, ಕಂದಾಗುತ್ತದೆ, ಕೊನೆಗೆ ಬೂದು ಬಣ್ಣದ ಲೋಹವಾಗಿ ಹೊರಬರುತ್ತದೆ. ಒಂದೊಂದು ಬಣ್ಣವೂ ಒಂದಿಷ್ಟು ಆಮ್ಲಜನಕ ಕಳೆದುಕೊಂಡ ಗುರುತು. ಕಳೆದುಹೋದ ಆಮ್ಲಜನಕ ಹೈಡ್ರೋಜನ್ನಿನೊಂದಿಗೆ ಸೇರಿ ನೀರಾವಿಯಾಗುತ್ತದೆ. ನೂರು ಕಿಲೋ ಹಳದಿ ಆಕ್ಸೈಡಿನಿಂದ ಹೊರಡುವ ನೀರು ಸುಮಾರು 23 ಕಿಲೋ. ಇಷ್ಟು ನೀರು ಪುಡಿಯ ಪದರದ ತಳದಿಂದ ಮೇಲೆ ಬರಬೇಕು. ಬರಲು ದಾರಿಯಿಲ್ಲದೆ ಒಳಗೇ ನಿಂತರೆ ಎಡವಟ್ಟು: ಬಿಸಿ ನೀರಾವಿ ಟಂಗ್‌ಸ್ಟನ್ ಆಕ್ಸೈಡಿನೊಂದಿಗೆ ಕೂಡಿ ಹಾರುವ ಸಂಯುಕ್ತವಾಗುತ್ತದೆ, ಒಂದು ಕಣದಿಂದ ಎದ್ದು ಇನ್ನೊಂದರ ಮೇಲೆ ಕೂತು ಲೋಹವಾಗಿ ಬಲಿಯುತ್ತದೆ. ದೊಡ್ಡದು ಸಣ್ಣದನ್ನು ನುಂಗಿ ಬೆಳೆಯುತ್ತದೆ. ಅದಕ್ಕೇ ಸಣ್ಣ ಪುಡಿ ಬೇಕಾದವರು ದೋಣಿಯಲ್ಲಿ ತೆಳ್ಳಗೆ ಹರಡುತ್ತಾರೆ, ಹೈಡ್ರೋಜನ್ನನ್ನು ಒಣಗಿಸಿ ಜೋರಾಗಿ ಬಿಡುತ್ತಾರೆ, ಕಾವನ್ನು ಕೆಳಗಿಡುತ್ತಾರೆ.

ಹಾಗಾದರೆ ಇದು ಕುಲುಮೆಯ ಜಾಣ್ಮೆಯಾಯಿತೇ ಹೊರತು ಕಚ್ಚಾ ವಸ್ತುವಿನದಲ್ಲ ಎನ್ನಬಹುದು. ಒಂದು ಮಟ್ಟದವರೆಗೆ ಆ ಮಾತು ಸರಿ. ಆದರೆ ಅದೇ ಕುಲುಮೆ, ಅದೇ ಕಾವು, ಅದೇ ದೋಣಿ ಇಟ್ಟು ಆಕ್ಸೈಡನ್ನು ಮಾತ್ರ ಬದಲಿಸಿದರೆ ಪುಡಿ ಬದಲಾಗುತ್ತದೆ. ಈಗ ಬಹುಪಾಲು ಟಂಗ್‌ಸ್ಟನ್ ಉದ್ಯಮದ ಮೂಲಸರಕು ಅಮೋನಿಯಂ ಪ್ಯಾರಾಟಂಗ್‌ಸ್ಟೇಟ್ ಎಂಬ ಬಿಳಿ ಉಪ್ಪು. ಪೇಟೆಯಲ್ಲಿ ದರ ಹೇಳುವುದೂ ಅದರ ಮೇಲೆಯೇ. ಗಾಳಿಯಲ್ಲಿ ಕಾಯಿಸಿದರೆ ಅದು ಹಳದಿ ಆಕ್ಸೈಡ್, ಗಾಳಿ ಕೊಡದೆ ಕಾಯಿಸಿದರೆ ನೀಲಿ. ಈ ಎರಡೂ ಉಪ್ಪಿನ ಹಳೆಯ ಹರಳಿನ ಆಕಾರವನ್ನೇ ಹೊತ್ತಿರುತ್ತವೆ. ಹೊರಗಿನಿಂದ ಹತ್ತಾರು ಮೈಕ್ರಾನಿನ ದೊಡ್ಡ ಹರಳು, ಒಳಗೆ ಬಿರುಕು ಬಿಟ್ಟ ಮನೆ. ಇನ್ನೂ ಸ್ವಲ್ಪ ಆಮ್ಲಜನಕ ಕಳೆದು ನಿಲ್ಲಿಸಿದರೆ ಸಿಗುವ ನೇರಳೆ ಆಕ್ಸೈಡಿನ ಸ್ವಭಾವವೇ ಬೇರೆ. ಅದು ಸೂಜಿಗಳ ಹೊರೆ. ಕಡ್ಡಿಗಳನ್ನು ಅಡ್ಡಾದಿಡ್ಡಿ ಎಸೆದಂತೆ ನಡುನಡುವೆ ಸಂದು. ನೀರಾವಿ ಆ ಸಂದುಗಳಿಂದ ಸಲೀಸಾಗಿ ಹೊರಟುಹೋಗುತ್ತದೆ, ಹೈಡ್ರೋಜನ್ ಒಳನುಗ್ಗುತ್ತದೆ, ಕಣಗಳು ಬಲಿಯುವ ಮುನ್ನವೇ ಲೋಹವಾಗಿಬಿಡುತ್ತವೆ. ಅತಿ ಸಣ್ಣ ಪುಡಿಗೆ ನೇರಳೆ ಆಕ್ಸೈಡನ್ನು, ಅದರಲ್ಲೂ ಚೀನಾದ ಕಾರ್ಖಾನೆಗಳು, ದೊಡ್ಡ ಪ್ರಮಾಣದಲ್ಲಿ ಹಿಡಿದದ್ದು ಇದೇ ಕಾರಣಕ್ಕೆ.

ಎರಡನೆಯ ಆಕ್ಷೇಪ ಇನ್ನೂ ಸರಳ, ಹಾಗಾಗಿ ಇನ್ನೂ ಬಲವಾದದ್ದು: ಸಣ್ಣದಾಗಬೇಕಾದರೆ ಬೀಸಿದರಾಯಿತಲ್ಲ? ಗೋಧಿ ಬೀಸಿದಂತೆ ಒರಟು ಕಾರ್ಬೈಡನ್ನು ಬಾಲ್ ಮಿಲ್ಲಿಗೆ ಹಾಕಿ ದಿನಗಟ್ಟಲೆ ತಿರುಗಿಸಿದರೆ ಹಿಟ್ಟಾಗದೆ ಎಲ್ಲಿ ಹೋಗುತ್ತದೆ? ಬಹುಕಾಲ ಉದ್ಯಮ ನಂಬಿದ್ದೂ ಇದನ್ನೇ. ಹಿಟ್ಟಾಗುತ್ತದೆ ನಿಜ, ಆದರೆ ಅದರಲ್ಲಿ ಧೂಳೂ ಇರುತ್ತದೆ, ನುಚ್ಚೂ ಇರುತ್ತದೆ. ಕೊನೆಗೆ 1,400 ಡಿಗ್ರಿಯ ಸುಮಾರಿಗೆ ಕಾಯಿಸಿದಾಗ ಕೋಬಾಲ್ಟ್ ಕರಗಿ ದ್ರವವಾಗುತ್ತದೆ. ಧೂಳಿನಂಥ ಕಣಗಳು ಆ ದ್ರವದಲ್ಲಿ ಬೇಗ ಕರಗುತ್ತವೆ, ಕರಗಿದ್ದು ನುಚ್ಚಿನ ಮೇಲೆ ಹೋಗಿ ಕೂರುತ್ತದೆ. ಎಷ್ಟು ಹೆಚ್ಚು ಧೂಳು ಮಾಡಿದಿರೋ ದಪ್ಪ ಹರಳಿಗೆ ಅಷ್ಟು ಹೆಚ್ಚು ಮೇವು. ಬೀಸಿ ಗಳಿಸಿದ್ದನ್ನು ಕುಲುಮೆ ಕಸಿದುಕೊಳ್ಳುತ್ತದೆ. ಬೇಕಾದದ್ದು ಬೀಸಿದ ಸಣ್ಣತನವಲ್ಲ, ಹುಟ್ಟಿನಿಂದ ಒಂದೇ ಅಳತೆಯ ಕಣ. ಅದು ಲೋಹದ ಪುಡಿಯಿಂದ ಬರಬೇಕು, ಲೋಹದ ಪುಡಿಗೆ ಆಕ್ಸೈಡಿನಿಂದ ಬರಬೇಕು.

ಆ ಬೆಳವಣಿಗೆಯನ್ನು ತಡೆಯುವ ಮದ್ದಿದೆ ಎಂಬುದು ಮೂರನೆಯ ಆಕ್ಷೇಪ. ವೆನೇಡಿಯಂ ಕಾರ್ಬೈಡ್, ಕ್ರೋಮಿಯಂ ಕಾರ್ಬೈಡ್ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಬೆರೆಸಿದರೂ ಹರಳು ಬಲಿಯುವುದು ನಿಧಾನವಾಗುತ್ತದೆ. ಈ ಮದ್ದಿಲ್ಲದೆ ಇವತ್ತಿನ ಸಣ್ಣ ಹರಳಿನ ವಿಡಿಯಾ ಇಲ್ಲ ಎಂದೇ ಒಪ್ಪಬೇಕು. ಆದರೆ ಅದು ತಡೆಯುವುದು ಮುಂದಿನ ಬೆಳವಣಿಗೆಯನ್ನು. ಈಗಾಗಲೇ ಒಳಗೆ ಬಂದು ಕೂತ ದಪ್ಪ ಹರಳನ್ನು ಅದು ಕರಗಿಸುವುದಿಲ್ಲ. ಹೆಚ್ಚು ಹಾಕಿದರೆ ವಸ್ತುವೇ ಪೆಡಸಾಗುತ್ತದೆ. ಮತ್ತೆ, ಮದ್ದು ಮುಟ್ಟದ ಇನ್ನೊಂದು ಜಾಗವಿದೆ: ಇಂಗಾಲ. ಟಂಗ್‌ಸ್ಟನ್ ಕಾರ್ಬೈಡಿನಲ್ಲಿ ಇಂಗಾಲ ತೂಕದಲ್ಲಿ 6.13 ಪ್ರತಿಶತ ಇರಬೇಕು. ಕೋಬಾಲ್ಟ್ ಸೇರಿದ ಮೇಲೆ ಹೆಚ್ಚೂ ಆಗದೆ ಕಡಿಮೆಯೂ ಆಗದೆ ನಿಲ್ಲಬೇಕಾದ ಕಿಂಡಿಯ ಅಗಲ ನೂರಕ್ಕೆ 0.1ರಿಂದ 0.2 ಪಾಲಿನಷ್ಟು ಮಾತ್ರ. ಕಡಿಮೆಯಾದರೆ ಗಾಜಿನಂತೆ ಒಡೆಯುವ ಬೇರೊಂದು ಸಂಯುಕ್ತ ಮೂಡುತ್ತದೆ, ಹೆಚ್ಚಾದರೆ ಗ್ರಾಫೈಟಿನ ಕಪ್ಪು ಚುಕ್ಕೆ. ಪುಡಿ ಸಣ್ಣದಾದಷ್ಟೂ ಅದರ ಮೈ ಹೆಚ್ಚು, ಮೈಗೆ ಅಂಟುವ ಆಮ್ಲಜನಕವೂ ಹೆಚ್ಚು. ತೀರ ಸಣ್ಣ ಟಂಗ್‌ಸ್ಟನ್ ಪುಡಿ ಗಾಳಿ ಕಂಡರೆ ಹೊತ್ತಿಕೊಳ್ಳುತ್ತದೆ. ಆ ಆಮ್ಲಜನಕ ಕುಲುಮೆಯಲ್ಲಿ ಇಂಗಾಲವನ್ನು ಕಿತ್ತುಕೊಂಡು ಹಾರಿಹೋಗಿ ಲೆಕ್ಕ ತಪ್ಪಿಸುತ್ತದೆ. ಅಲ್ಲಿಗೆ, ಇಂಗಾಲಕ್ಕಾಗಿ ಬೆರೆಸುವ, ಮಸಿಯಂತೆ ಕಾಣುವ ಕಾರ್ಬನ್ ಬ್ಲ್ಯಾಕ್ ಕೂಡ ಯಾವುದಾದರೂ ನಡೆದೀತು ಎನ್ನುವ ಸರಕಲ್ಲ. ಅದರ ಗಂಧಕ, ಅದರ ಬೂದಿ, ಅದು ಗಂಟುಕಟ್ಟುವ ರೀತಿ ಎಲ್ಲವೂ ಎಣಿಕೆಗೆ ಬಂದವು.

ಬಲ್ಬಿನ ಪೊಟ್ಯಾಸಿಯಂ ನೆನಪಿದೆಯಲ್ಲ. ತಂತುವನ್ನು ಕಾಪಾಡಿದ ಅದೇ ಪೊಟ್ಯಾಸಿಯಂ, ಅದರ ಬಂಧುಗಳಾದ ಸೋಡಿಯಂ, ಲಿಥಿಯಂ ಇಲ್ಲಿ ಕಂಟಕ. ಆಕ್ಸೈಡನ್ನು ಇಳಿಸುವಾಗ ಕಣಗಳು ಬಲಿಯಲು ಇವು ಕುಮ್ಮಕ್ಕು ಕೊಡುತ್ತವೆ. ಅದಿರಿನಿಂದ ಟಂಗ್‌ಸ್ಟನ್ ತೆಗೆಯುವ ಮಾಮೂಲಿ ದಾರಿಯೇ ಅದನ್ನು ಸೋಡಿಯಂ ಉಪ್ಪಾಗಿ ಕರಗಿಸುವುದಾದ್ದರಿಂದ ಸೋಡಿಯಂ ದಾರಿಯುದ್ದಕ್ಕೂ ಬೆನ್ನು ಹತ್ತಿರುತ್ತದೆ. ಬಂಡೆ ಬಿಟ್ಟಿಗೆ ಒರಟು ಹರಳು ಬೇಕಾದವರು ಬೇಕೆಂದೇ ಒಂದು ಚಿಟಿಕೆ ಸೋಡಿಯಂ ಅಥವಾ ಲಿಥಿಯಂ ಉಪ್ಪು ಸೇರಿಸುವುದುಂಟು. ಹಾಗಾಗಿ ‘ಶುದ್ಧ’ ಎಂಬ ಮಾತಿಗೆ ಈ ಉದ್ಯಮದಲ್ಲಿ ಒಂಟಿ ಅರ್ಥವಿಲ್ಲ. ಜಪಾನ್, ಅಮೆರಿಕ, ಯುರೋಪುಗಳಲ್ಲಿ 1980ರ ದಶಕದಿಂದ ನಡೆದ ಪ್ರಯತ್ನಗಳು ಇನ್ನೂ ಹಿಂದಕ್ಕೆ ಜಿಗಿದವು. ಲೋಹದ ಹಂತವನ್ನೇ ಹಾರಿ ಆಕ್ಸೈಡನ್ನು ನೇರವಾಗಿ ಇಂಗಾಲದೊಂದಿಗೆ ಕಾಯಿಸುವುದು, ಟಂಗ್‌ಸ್ಟನ್ ಮತ್ತು ಕೋಬಾಲ್ಟ್ ಉಪ್ಪುಗಳನ್ನು ನೀರಿನಲ್ಲೇ ಬೆರೆಸಿ ಸಿಂಪಡಿಸಿ ಒಣಗಿಸುವುದು, ಹೀಗೆ. ಪುಡಿಗಳಾದ ಮೇಲೆ ಬೆರೆಸುವುದಕ್ಕಿಂತ ದ್ರಾವಣದಲ್ಲೇ ಬೆರೆಸುವುದು ಮೇಲು ಎಂದು ಹೊಳೆದಾಗ ‘ಕಚ್ಚಾ ವಸ್ತು’ ಎಂದರೆ ಯಾವುದು ಎಂಬುದೇ ಬದಲಾಯಿತು.

ಇಲ್ಲಿ ಕೊನೆಯ, ಚರಿತ್ರೆಕಾರನ ಆಕ್ಷೇಪವನ್ನು ಎದುರಿಸಬೇಕು. ಕಚ್ಚಾ ವಸ್ತುವೇ ದೊಡ್ಡದಾದರೆ ಅದಿರಿದ್ದ ನಾಡುಗಳು ಮುಂದೆ ಬರಬೇಕಿತ್ತು. ಬಂದವೇ? ಮೊದಲ ಮಹಾಯುದ್ಧಕ್ಕೆ ಮುಂಚೆ, ಆಗ ಬ್ರಿಟಿಷ್ ಇಂಡಿಯಾದ ಭಾಗವೇ ಆಗಿದ್ದ ಬರ್ಮಾದ ತವಾಯ್ ಸೀಮೆಯ ವೊಲ್ಫ್ರಾಮ್ ಜರ್ಮನಿಗೆ ಹೋಗಿ, ಅಲ್ಲಿ ಲೋಹವಾಗಿ, ಬ್ರಿಟನ್ನಿನ ಶೆಫೀಲ್ಡಿನ ಉಕ್ಕಿನವರಿಗೆ ಮಾರಾಟವಾಗುತ್ತಿತ್ತು. ಯುದ್ಧ ಶುರುವಾದ ಮೇಲಷ್ಟೇ ಬ್ರಿಟನ್ನಿಗೆ ಎಚ್ಚರವಾದದ್ದು. ಎರಡನೆಯ ಯುದ್ಧದಲ್ಲಿ ಪೋರ್ಚುಗಲ್ಲಿನ ಅದಿರಿಗೆ ಎರಡೂ ಪಾಳೆಯಗಳು ಮುಗಿಬಿದ್ದವು. 1944ರ ಜೂನ್‌ನಲ್ಲಿ ಅಲ್ಲಿನ ಸರ್ವಾಧಿಕಾರಿ ಸಾಲಜಾರ್ ರಫ್ತು ನಿಲ್ಲಿಸುವವರೆಗೂ ಹಣ ಹರಿಯಿತು, ವಿಡಿಯಾ ಮಾತ್ರ ಅಲ್ಲಿ ಬೆಳೆಯಲಿಲ್ಲ. ರಾಜಸ್ಥಾನದ ಡೇಗಾನಾದಲ್ಲಿ ಮೊದಲ ಯುದ್ಧದ ಕಾಲದಿಂದ ವೊಲ್ಫ್ರಾಮ್ ತೆಗೆದರು, ಕೊನೆಗೆ ಗಣಿ ಮುಚ್ಚಿತು. ನಮ್ಮ ಕೋಲಾರದ ಚಿನ್ನದ ಗಣಿಯ ಮಣ್ಣಿನಲ್ಲೂ ಶೀಲೈಟ್ ಇದೆ. ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ನೀಲಿಯಾಗಿ ಮಿನುಗುವ ಇದು ಶೀಲೆಯ ಆ ‘ಭಾರದ ಕಲ್ಲೇ’. ಊರವರು ಸೈನೈಡ್ ದಿಬ್ಬ ಎನ್ನುವ ಆ ಗಣಿಮಣ್ಣಿನ ಗುಡ್ಡೆಗಳಲ್ಲಿ ಅದು ಅತಿ ಸಣ್ಣ ಪ್ರಮಾಣದಲ್ಲಿ ಹರಡಿಕೊಂಡಿದೆ. ದೇಶದ ಟಂಗ್‌ಸ್ಟನ್ ಸಂಪನ್ಮೂಲದ ಪಟ್ಟಿಯಲ್ಲಿ ಕರ್ನಾಟಕದ ಹೆಸರು ಮೇಲಿದೆ. ಕೋಲಾರದಿಂದ ನೂರು ಕಿಲೋಮೀಟರೂ ಇಲ್ಲದ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ 1964ರಿಂದ ವಿಡಿಯಾ ಕಂಪನಿಯ ಕಾರ್ಖಾನೆ ಇದೆ (2002ರ ನಂತರ ಅದು ಕೆನ್ನಮೆಟಲ್‌ನದು), ಆದರೆ ದೇಶಕ್ಕೆ ಬೇಕಾದ ಟಂಗ್‌ಸ್ಟನ್ ಬಹುಪಾಲು ಆಮದು. ಅದಿರು ಅಷ್ಟಾಗಿ ಇಲ್ಲದ ಜಪಾನ್ ಮಾತ್ರ ಅತಿ ಸಣ್ಣ ಹರಳಿನ ಡ್ರಿಲ್ಲುಗಳಲ್ಲಿ ಮುಂದೆ ಹೋಯಿತು. ಆಕ್ಷೇಪಕ್ಕೆ ಉತ್ತರ ಇದರಲ್ಲೇ ಇದೆ: ಅದಿರು ಈ ವಸ್ತುವಿನ ಕಚ್ಚಾ ಸರಕಲ್ಲ. ಯಾರು ಕಾಯಿಸಿದರು, ಯಾವ ಮೂಸೆಯಲ್ಲಿ, ಎಷ್ಟು ಸೋಡಿಯಂ ಉಳಿಸಿ ಎಂಬ ಜಾತಕ ಗೊತ್ತಿರುವ ಪುಡಿಯೇ ಇದರ ಕಚ್ಚಾ ಸರಕು. ಆ ಜಾತಕ ಬರೆಯುವ ಕಸುಬು ಅದಿರಿನ ಬಾಯಲ್ಲಿ ಬೆಳೆಯಲಿಲ್ಲ, ಬಲ್ಬು ಮತ್ತು ಉಳಿ ಮಾಡುವವರ ಪಕ್ಕದಲ್ಲಿ ಬೆಳೆಯಿತು. ಅದಿರೂ ಇದ್ದು ಕಸುಬನ್ನೂ ಕಲಿತ ಚೀನಾ ಈಗ ಜಗತ್ತಿನ ಬಹುಪಾಲು ಟಂಗ್‌ಸ್ಟನ್ ತೆಗೆಯುತ್ತದೆ. 2025ರ ಫೆಬ್ರುವರಿಯಲ್ಲಿ ಅದು ರಫ್ತಿಗೆ ಲಗಾಮು ಹಾಕಿದಾಗ ನಿಯಂತ್ರಣದ ಪಟ್ಟಿಯಲ್ಲಿದ್ದ ಸರಕುಗಳಲ್ಲಿ ಆ ಬಿಳಿ ಉಪ್ಪೂ, ಕಾರ್ಬೈಡೂ ಸೇರಿದ್ದವು.

ಹೀಗೆ ಕೈ ಕಟ್ಟಿದಾಗ ಎಲ್ಲರ ಕಣ್ಣು ಹೋಗುವುದು ಗುಜರಿಯ ಮೇಲೆ. ಸವೆದ ಇನ್ಸರ್ಟುಗಳನ್ನು, ಅಂದರೆ ಟೂಲಿನ ತುದಿಯ ವಿಡಿಯಾ ತುಣುಕುಗಳನ್ನು, ವರ್ಕ್‌ಶಾಪಿನವರು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಅದನ್ನು ಮತ್ತೆ ಪುಡಿ ಮಾಡುವ ಒಂದು ದಾರಿ ಸತುವಿನದು. 900 ಡಿಗ್ರಿಯ ಆಸುಪಾಸಿನಲ್ಲಿ ಕರಗಿದ ಸತು ಕೋಬಾಲ್ಟಿನೊಳಗೆ ನುಗ್ಗಿ ಅದನ್ನು ಉಬ್ಬಿಸುತ್ತದೆ, ಆಮೇಲೆ ನಿರ್ವಾತದಲ್ಲಿ ಸತುವನ್ನು ಆವಿ ಮಾಡಿ ತೆಗೆದರೆ ಉಳಿಯುವ ರೊಟ್ಟಿ ಕೈಯಲ್ಲಿ ಹಿಚುಕಿದರೆ ಉದುರುತ್ತದೆ. ಹರಳುಗಳಿಗೆ ಏನೂ ಆಗಿರುವುದಿಲ್ಲ. ಬಂಡೆ ಬಿಟ್ಟಿನಿಂದ ಬಂದ ಪುಡಿ ಒರಟಾಗಿಯೇ ಇರುತ್ತದೆ, ಸರ್ಕ್ಯೂಟ್ ಡ್ರಿಲ್ಲಿನದು ಸಣ್ಣದಾಗಿಯೇ ಇರುತ್ತದೆ. ಎರಡನ್ನೂ ಒಂದೇ ಚೀಲಕ್ಕೆ ಸುರಿದಿದ್ದರೆ ಆ ಪುಡಿಯಿಂದ ಸಣ್ಣ ಹರಳಿನ ಡ್ರಿಲ್ ಮಾಡಲಾಗದು. ಅದನ್ನು ರಾಸಾಯನಿಕವಾಗಿ ಕರಗಿಸಿ ಮತ್ತೆ ಬಿಳಿ ಉಪ್ಪಿನವರೆಗೂ ಒಯ್ಯಬೇಕು. ಅದಕ್ಕೇ ಈಗ ಗುಜರಿ ಕೊಳ್ಳುವ ಕಂಪನಿಗಳು ಚೀಲ ಬಿಚ್ಚಿಸಿ, ಬಿಟ್ಟು, ಇನ್ಸರ್ಟು, ಡ್ರಿಲ್ಲು ಎಂದು ಬೇರೆ ಬೇರೆ ಆರಿಸಿದ ಮಾಲಿಗೇ ಹೆಚ್ಚು ದರ ಕೊಡುತ್ತವೆ.